ಅಡುಗೆಯವರೂ ಕೂತು ಉಣ್ಣುವ ಅಡುಗೆ

ನಮ್ಮ ಮನೆಯಲ್ಲಿ ಕ್ಯಾಸರೋಲ್ ಎಂದರೆ ಚಪಾತಿ ಹಾಕಿಡುವ ಡಬ್ಬ. ಹೊರಗೆ ಪ್ಲಾಸ್ಟಿಕ್ಕು, ಒಳಗೆ ಸ್ಟೀಲು, ಎರಡರ ನಡುವೆ ಶಾಖ ಹೊರಹೋಗದಂತೆ ತಡೆಯುವ ಫೋಮು. ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಬಂದ ಅಂಥವು ನಮ್ಮ ಅಟ್ಟದ ಮೇಲೆ ಏಳೆಂಟು ಇವೆ. ನಿಮ್ಮ ಮನೆಯಲ್ಲೂ ಇದ್ದಾವು. ಹೀಗಾಗಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಫೋನಿನಲ್ಲಿ, “ಅಪ್ಪಾ, ಅಷ್ಟೊಂದು ಕಷ್ಟ ಯಾಕೆ? ಚಿಕನ್ ಕ್ಯಾಸರೋಲ್ ಮಾಡಿ, ತುಂಬಾ ಸುಲಭ” ಎಂದಾಗ, “ಆ ಡಬ್ಬದಲ್ಲಿ ಕೋಳಿ ಬೇಯುತ್ತೇನಮ್ಮಾ?” ಎಂದು ಕೇಳಿಬಿಟ್ಟೆ. ಮಗಳು ನಕ್ಕಿದ್ದೇ ನಕ್ಕಿದ್ದು. ಮೂವತ್ತು ವರ್ಷದಿಂದ ಪ್ರೌಢಶಾಲೆಯಲ್ಲಿ ಉಷ್ಣಕ್ಕೂ ತಾಪಕ್ಕೂ ಇರುವ ವ್ಯತ್ಯಾಸ ಪಾಠ ಮಾಡುತ್ತ ಬಂದ ಮೇಷ್ಟರಿಗೆ ಈ ನಗು ಹೊಸದು.

ಆಮೇಲೆ ತಿಳಿಯಿತು. ಅದು ಫ್ರೆಂಚ್ ಭಾಷೆಯ ಮಾತು; ಅರ್ಥ ಬರೀ ಪಾತ್ರೆ. ಯಾವ ಪಾತ್ರೆಯಲ್ಲಿ ಬೇಯಿಸುತ್ತೇವೋ ಅದನ್ನೇ ತಂದು ಊಟಕ್ಕೆ ಇಡುವುದರಿಂದ ಪಾತ್ರೆಯ ಹೆಸರು ಅಡುಗೆಗೂ ಬಂತು. ನಾವು ಮಡಕೆಯಲ್ಲಿ ಮಾಡಿದ ಸಾರನ್ನು ಮಡಕೆ ಸಾರು ಎನ್ನುವುದಿಲ್ಲವೇ, ಹಾಗೆ.

ಇಷ್ಟಕ್ಕೂ ಮಂಡ್ಯ ಸೀಮೆಯ ಮೇಷ್ಟರೊಬ್ಬನಿಗೆ, ಕೋಳಿ ಎಂದರೆ ಸಾರು, ಸಾರು ಎಂದರೆ ಮುದ್ದೆ ಎಂದು ಐವತ್ತೈದು ವರ್ಷ ಬದುಕಿದವನಿಗೆ, ಈ ಫ್ರೆಂಚ್ ಪಾತ್ರೆಯ ಉಸಾಬರಿ ಯಾಕೆ ಬಂತು ಎಂದು ನೀವು ಕೇಳಬಹುದು. ಹೇಳುತ್ತೇನೆ.

ಕಳೆದ ಆಷಾಢದಲ್ಲಿ ನನ್ನ ಹೆಂಡತಿ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಪಾಚಿಯ ಮೇಲೆ ಕಾಲಿಟ್ಟು ಜಾರಿದಳು. ಬೀಳುವಾಗ ಊರಿದ ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಡಾಕ್ಟರು ಎಕ್ಸ್‌ರೇ ನೋಡಿ, ಆರು ವಾರ ಪ್ಲಾಸ್ಟರ್ ಎಂದರು. ಆಕೆ ನೋವಿನಲ್ಲೂ ಕೇಳಿದ್ದು, “ಅಡುಗೆ?” ಎಂಬ ಒಂದೇ ಮಾತು. ಡಾಕ್ಟರು ನನ್ನ ಮುಖ ನೋಡಿದರು. ನಾನು ಎಕ್ಸ್‌ರೇ ನೋಡಿದೆ.

ಮೊದಲ ವಾರ ಬಸ್‌ಸ್ಟ್ಯಾಂಡಿನ ಎದುರಿನ ಮೆಸ್ಸಿನಿಂದ ಊಟ ಬಂತು. ಅಕ್ಕಪಕ್ಕದವರು ಸಾರು ಕೊಟ್ಟರು. ಎಂಬತ್ತೆರಡು ವರ್ಷದ ನನ್ನವ್ವ ಎಂಟನೆಯ ದಿನ ತಟ್ಟೆ ಸರಿಸಿ, “ಈ ಸೋಡ ಹಾಕಿದ ಅನ್ನ ಗಂಟ್ಲಲ್ಲಿ ಇಳಿಯಕಿಲ್ಲ ಕಣ್ಲಾ. ನೀನು ಅಷ್ಟು ಓದ್ದೋನು, ಒಂದು ಹಿಟ್ಟು ತಿರುವೋಕೆ ಬರಲ್ವಾ?” ಎಂದಳು. ಬಿಎಸ್ಸಿಯಲ್ಲಾಗಲಿ ಬಿಎಡ್‌ನಲ್ಲಾಗಲಿ ಹಿಟ್ಟು ತಿರುವುವುದು ಇರಲಿಲ್ಲ. ಆದರೂ ಎಸರು ಇಟ್ಟೆ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಕೈ ಇಳಿಬಿಟ್ಟುಕೊಂಡು ಹೇಳಿಕೊಟ್ಟಳು. ಎಸರು ಮರಳಿದ ಮೇಲೆ ಹಿಟ್ಟು ಸುರಿಯಿರಿ, ಕದಡಬೇಡಿ, ಹಾಗೇ ಬೇಯಲಿ, ಈಗ ಕೋಲು ಹಾಕಿ. ಮೂರು ದಿನ ಗಂಟು ಗಂಟಾಯಿತು. ನಾಲ್ಕನೆಯ ದಿನ ಅವ್ವ ಏನೂ ಹೇಳದೆ ಉಂಡಳು. ನಮ್ಮ ಮನೆಯಲ್ಲಿ ಅದು ಫಸ್ಟ್ ಕ್ಲಾಸು.

ವಿಷಯ ಇರುವುದು ಅದರ ಮುಂದೆ. ಮುದ್ದೆ ಬಿಸಿಯಾಗಿರುವಾಗಲೇ ಬಡಿಸಬೇಕು. ಅವ್ವನಿಗೆ ಬಡಿಸಿದೆ, ಎರಡನೇ ಪಿಯುಸಿಯ ಮಗನಿಗೆ ಬಡಿಸಿದೆ, ಎಡಗೈಯಲ್ಲಿ ಚಮಚ ಹಿಡಿದು ಕೂತ ಹೆಂಡತಿಗೆ ಚಿಕ್ಕ ಚಿಕ್ಕ ತುತ್ತು ಮಾಡಿ ಸಾರು ಬಿಟ್ಟೆ. ಅಷ್ಟರಲ್ಲಿ ಅವ್ವನಿಗೆ ಸಾರು ಬೇಕಾಯಿತು. ಮಗನಿಗೆ ಅನ್ನ. ಅನ್ನವಾದ ಮೇಲೆ ಮಜ್ಜಿಗೆ. ಎಲ್ಲರೂ ಎದ್ದು ಕೈ ತೊಳೆದ ಮೇಲೆ ನಾನು ತಟ್ಟೆ ಹಾಕಿಕೊಂಡು ಕೂತೆ. ನನ್ನ ಪಾಲಿನ ಮುದ್ದೆ ಆರಿ, ಮೇಲೊಂದು ಚರ್ಮದಂಥ ಪದರ ಕಟ್ಟಿತ್ತು. ಇದಕ್ಕೆ ಕಾರಣ ನನಗೆ ಗೊತ್ತು: ಬಿಸಿನೀರಿನಲ್ಲಿ ಉಬ್ಬಿ ಮೆತ್ತಗಾದ ಪಿಷ್ಟದ ಅಣುಗಳು ತಣ್ಣಗಾಗುತ್ತ ಮತ್ತೆ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಕಾರಣ ಗೊತ್ತಿದ್ದರೆ ಆರಿದ ಮುದ್ದೆ ಗಂಟಲಲ್ಲಿ ಇಳಿಯುತ್ತದೆಯೇ? ಪಡಸಾಲೆಯಲ್ಲಿ ಟಿವಿ ಹಾಕಿದ್ದರು. ಯಾರೋ ಏನಕ್ಕೋ ನಕ್ಕರು. ಅಡುಗೆಮನೆಯಲ್ಲಿ ನಾನೊಬ್ಬನೇ.

ಆ ರಾತ್ರಿ ಹೆಂಡತಿಯನ್ನು ಕೇಳಿದೆ: “ನೀನು ಊಟ ಮಾಡ್ತಿದ್ದದ್ದು ಯಾವಾಗ?”

ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಮೇಲೆ, “ನೀವು ವಾರ್ತೆ ನೋಡೋವಾಗ” ಎಂದಳು.

ನಮಗೆ ಮದುವೆಯಾಗಿ ಇಪ್ಪತ್ತೇಳು ವರ್ಷ. ಗಣಿತ ನನ್ನ ಚಟ. ವರ್ಷಕ್ಕೆ 365ರಂತೆ 9855 ರಾತ್ರಿ. ತವರಿಗೆ ಹೋದದ್ದು, ಎರಡು ಬಾಣಂತನ, ಮದುವೆಮನೆಗಳ ಪಂಕ್ತಿ ಎಂದು ಎಷ್ಟೇ ಕಳೆದರೂ ಒಂಬತ್ತು ಸಾವಿರಕ್ಕೆ ಕಡಿಮೆ ಬರಲಿಲ್ಲ. ಅಷ್ಟು ರಾತ್ರಿಯೂ ನಾನು ಸಚಿವ ಸಂಪುಟದ ವಿಸ್ತರಣೆಯನ್ನೋ ಕಾವೇರಿ ನೀರಿನ ಮಟ್ಟವನ್ನೋ ನೋಡುತ್ತಿದ್ದಾಗ ಆಕೆ ಗೋಡೆಯ ಆಚೆ ಒಬ್ಬಳೇ ಆರಿದ್ದನ್ನು ಉಂಡಿದ್ದಾಳೆ. ಆಕೆ ಉಣ್ಣುವುದನ್ನು ನಾನು ಸರಿಯಾಗಿ ನೋಡಿಯೇ ಇಲ್ಲ.

ಇದನ್ನು ಮಗಳಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು, ಅಥವಾ ಸರಿಯಾಯಿತು. “ಈಗ ಗೊತ್ತಾಯ್ತಾ?” ಎಂದಳು. ನಾನು ತಡವರಿಸುತ್ತ, ಇದು ನಮ್ಮ ಅಡುಗೆಯ ಸ್ವಭಾವವೇ ಅಲ್ಲವೇನಮ್ಮಾ ಎಂದು ವಾದ ಹೂಡಿದೆ. ವಾದದಲ್ಲಿ ಸತ್ಯವೂ ಇತ್ತು. ನೀವೇ ನೋಡಿ: ದೋಸೆಗೆ ಕಾವಲಿಯ ಮುಂದೆ ಒಬ್ಬರು ನಿಲ್ಲಬೇಕು. ಅಕ್ಕಿರೊಟ್ಟಿಗೆ ನಿಲ್ಲಬೇಕು. ಉಬ್ಬಿದ ಚಪಾತಿ ತಟ್ಟೆಗೆ ಬೀಳಬೇಕಾದರೆ ನಿಲ್ಲಬೇಕು. ಪೂರಿಗಂತೂ ಕೇಳುವುದೇ ಬೇಡ. ಬಿಸಿ ಬಿಸಿ ಎಂದು ನಾವು ಹೊಗಳುವ ಪ್ರತಿಯೊಂದು ತಿಂಡಿಯ ಹಿಂದೆಯೂ ನಿಂತುಕೊಂಡಿರುವ ಒಬ್ಬರು ಇರುತ್ತಾರೆ. ನಾಲ್ಕು ಜನ ಬಿಸಿಯಾಗಿ ಉಂಡರೆ ಐದನೆಯವರು ಆರಿದ್ದನ್ನು ಉಣ್ಣಲೇಬೇಕು; ಶಕ್ತಿ ಸಂರಕ್ಷಣೆಯ ನಿಯಮದಷ್ಟು ಖಚಿತ ಇದು.

“ಹಾಗಾದ್ರೆ ಯಾರೂ ನಿಲ್ಲಬೇಕಾಗಿಲ್ಲದ ಅಡುಗೆ ಮಾಡಿ” ಎಂದಳು ಮಗಳು. ಕ್ಯಾಸರೋಲಿನ ಮಾತು ಬಂದದ್ದು ಆಗ.

ಅದಕ್ಕೆ ಓವನ್ ಬೇಕು. ಓವನ್ ನಮ್ಮಲ್ಲಿತ್ತು. 2020ರ ಲಾಕ್‌ಡೌನಿನಲ್ಲಿ ಊರಿಗೆ ಊರೇ ಕೇಕು ಮಾಡಲು ಹೊರಟಿತ್ತಲ್ಲ, ಆಗ ಮಗಳು ಹಟ ಹಿಡಿದು ಇಪ್ಪತ್ತೆಂಟು ಲೀಟರಿನ ಓಟಿಜಿ ತರಿಸಿದ್ದಳು. ನಾಲ್ಕು ಕೇಕು ಆಯಿತು, ಲಾಕ್‌ಡೌನು ಮುಗಿಯಿತು, ಮಗಳು ಕೆಲಸಕ್ಕೆ ಹೋದಳು. ಓವನ್ನಿನ ಮೇಲೆ ಕ್ರೋಷಾ ಹೊದಿಕೆ ಬಂತು. ಮಗ ಬಾಗಿಲು ತೆಗೆದು ನೋಡಿದರೆ ಒಳಗೆ ಒಂದು ಉಂಡೆ ಬೆಲ್ಲ, ಎರಡು ಕಟ್ಟು ಊದುಬತ್ತಿ ಇದ್ದವು. ಇರುವೆ ಬಾರದ ಜಾಗವೆಂದು ಅವ್ವ ಇಟ್ಟಿದ್ದಂತೆ.

ಮಗಳು ಕಳಿಸಿದ ವಿಧಾನ ಅಮೆರಿಕದ್ದು. ಕೋಳಿ, ಅಕ್ಕಿ, ಒಂದು ಡಬ್ಬ ಅಣಬೆಯ ಸೂಪು, ಮೇಲೆ ಚೀಸು. ಎಲ್ಲವನ್ನೂ ಪಾತ್ರೆಗೆ ಸುರಿದು 350 ಡಿಗ್ರಿಯಲ್ಲಿ ಒಂದು ಗಂಟೆ ಇಡಿ, ಅಷ್ಟೇ. ನಮ್ಮ ಓವನ್ನಿನ ತಿರುಗುಣಿ 250ಕ್ಕೇ ನಿಲ್ಲುತ್ತದೆ. ಮಗಳು ತಬ್ಬಿಬ್ಬಾದಳು. ಇಲ್ಲಿ ಮೇಷ್ಟರ ವಿದ್ಯೆ ಕೆಲಸಕ್ಕೆ ಬಂತು: ಅಮೆರಿಕದವರ ಡಿಗ್ರಿ ಫ್ಯಾರನ್‌ಹೀಟ್. 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದರೆ 177. ನಮ್ಮ ಲೆಕ್ಕದಲ್ಲಿ 180 ಎನ್ನಿ. ಹೆಂಡತಿಯ ಮುಂದೆ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಆ ಡಬ್ಬದ ಸೂಪಿನ ಬಗ್ಗೆ ಒಂದು ಮಾತು. ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿ ಅಣಬೆಯ ಕೆನೆ ಸೂಪನ್ನು ಡಬ್ಬದಲ್ಲಿ ಮಾರಲು ತೊಡಗಿದ್ದು 1934ರಲ್ಲಿ. ಅಲ್ಲಿನ ಮನೆಗಳಲ್ಲಿ ಕ್ಯಾಸರೋಲು ಸುಲಭದ ಅಡುಗೆಯಾದದ್ದರಲ್ಲಿ ಈ ಡಬ್ಬಗಳ ಪಾಲು ದೊಡ್ಡದು. ಸುಲಭ ಎನ್ನುವುದರ ಗುಟ್ಟು ಇದೇ: ಅರ್ಧ ಕೆಲಸವನ್ನು ಬೇರೆ ಯಾರೋ, ಬೇರೆ ಎಲ್ಲೋ, ಮೊದಲೇ ಮಾಡಿ ಮುಗಿಸಿರುತ್ತಾರೆ. ನಮ್ಮ ಊರಿನ ಅಂಗಡಿಯಲ್ಲಿ ಆ ಡಬ್ಬ ಎಲ್ಲಿಂದ ಬರಬೇಕು? ಬೆಣ್ಣೆಯಲ್ಲಿ ಎರಡು ಚಮಚ ಮೈದಾ ಹುರಿದು, ಅರ್ಧ ಲೀಟರ್ ಹಾಲು ಬಿಟ್ಟು ಕುದಿಸಿ ಗಟ್ಟಿ ಮಾಡಿಕೊಂಡರೆ ಅದೇ ಆಗುತ್ತದೆ ಎಂದಳು ಮಗಳು.

ಮೊದಲ ಭಾನುವಾರದ ಕಥೆಯನ್ನು ಹೇಳದೆ ಬಿಡಬಹುದಿತ್ತು. ಆದರೆ ಪ್ರಯೋಗ ಕೆಟ್ಟರೂ ವರದಿ ಬರೆಯಿರಿ ಎಂದು ಮಕ್ಕಳಿಗೆ ಹೇಳುವವನು ನಾನು. ಅವ್ವ ಫಾರಂ ಕೋಳಿ ಮುಟ್ಟುವುದಿಲ್ಲವೆಂದು ನಾಟಿ ಕೋಳಿ ತಂದೆ. ಫ್ರಿಜ್ಜಿನಿಂದ ತೆಗೆದ ತುಂಡುಗಳನ್ನು ಹಾಗೇ ಜೋಡಿಸಿ, ಅಕ್ಕಿ ಹರಡಿ, ನಲ್ಲಿಯ ತಣ್ಣೀರು ಸುರಿದು, ಆ ಹಾಲಿನ ಗೊಜ್ಜನ್ನು ಮೇಲೆ ಬಿಟ್ಟು ಒಳಗಿಟ್ಟೆ. ಒಂದು ಗಂಟೆಗೆ ‘ಟಿಣ್’ ಎಂದು ಗಂಟೆ ಹೊಡೆಯಿತು. ಮೇಲ್ಭಾಗ ಚಿತ್ರದಲ್ಲಿದ್ದಂತೆ ಕೆಂಪಗೆ ಕಾಣುತ್ತಿತ್ತು. ಸೌಟು ಹಾಕಿದರೆ ಮೂಲೆಯ ಅಕ್ಕಿ ಮರಳಿನಂತೆ ಕರಕರ ಎಂದಿತು. ಕೋಳಿ ರಬ್ಬರು. ಅವ್ವ ಪಾತ್ರೆಯೊಳಗೆ ಇಣುಕಿ ನೋಡಿ, “ಹಾಲ್ಗೆ ಕೋಳಿ ಹಾಕಿದ್ದೀಯಲ್ಲೋ, ಯಾವ ಸೀಮೆ ಊಟ್ವೋ ಇದು” ಎಂದು ಮಜ್ಜಿಗೆ ಅನ್ನ ಕಲಸಿಕೊಂಡಳು. ಎಲ್ಲರೂ ಹಾಗೇ ಮಾಡಿದೆವು. ಹೆಂಡತಿ ಮಾತ್ರ ಒಂದು ತುಂಡನ್ನು ತುಂಬಾ ಹೊತ್ತು ಅಗಿದು, “ವಾಸನೆ ಚೆನ್ನಾಗಿದೆ” ಎಂದಳು. ಒಂಬತ್ತು ಸಾವಿರ ರಾತ್ರಿಯಲ್ಲಿ ಆಕೆ ಮಾಡಿದ್ದನ್ನು ನಾನು ಹಾಗೆ ಎಷ್ಟು ಸಲ ಹೊಗಳಿದ್ದೇನೆ ಎಂಬ ಲೆಕ್ಕ ಹಾಕಲು ಹೋಗಲಿಲ್ಲ.

ತಪ್ಪೆಲ್ಲಿ? ರಾತ್ರಿ ಮಲಗಿಕೊಂಡು ಯೋಚಿಸಿದೆ. ಕಾರಣ ನಾನೇ ಎಂಟನೇ ತರಗತಿಗೆ ಹೇಳುವ ಪಾಠದಲ್ಲಿತ್ತು. ಗಾಳಿ ಶಾಖವನ್ನು ಸಾಗಿಸುವುದರಲ್ಲಿ ಮಹಾ ಸೋಮಾರಿ. 180 ಡಿಗ್ರಿಯ ಓವನ್ನಿನ ಗಾಳಿಯೊಳಗೆ ಕ್ಷಣಕಾಲ ಕೈಯಿಟ್ಟು ತೆಗೆದರೆ ಬೊಬ್ಬೆ ಬರುವುದಿಲ್ಲ. 100 ಡಿಗ್ರಿಯ ಹಬೆಗೆ ಹಿಡಿದರೆ ಬರುತ್ತದೆ. ಒಲೆಯ ಮೇಲೆ ಉರಿ ನೇರವಾಗಿ ಪಾತ್ರೆಯ ತಳಕ್ಕೆ ಬಡಿಯುತ್ತದೆ. ಓವನ್ನಿನಲ್ಲಿ ಹಾಗಲ್ಲ. ತಣ್ಣನೆಯ ಕೋಳಿ, ತಣ್ಣನೆಯ ನೀರು ಬಿಸಿಯಾಗಿ ಕುದಿ ಬರುವುದಕ್ಕೇ ಬಹುಪಾಲು ಸಮಯ ಹೋಗಿದೆ. ಅಕ್ಕಿ ಬೇಯಲು ವ್ಯವಧಾನವೇ ಸಿಕ್ಕಿಲ್ಲ. ಪಾತ್ರೆಯ ಬಾಯಿ ಮುಚ್ಚದೆ ಇದ್ದುದರಿಂದ ಇದ್ದ ನೀರೂ ಆವಿಯಾಗಿ, ಹೋಗುವಾಗ ತನ್ನ ಪಾಲಿನ ಗುಪ್ತೋಷ್ಣವನ್ನೂ ಕೊಂಡೊಯ್ದಿದೆ. ಇನ್ನು ನಾಟಿ ಕೋಳಿ. ಆರು ವಾರಕ್ಕೆಲ್ಲ ಅಂಗಡಿಗೆ ಬರುವ ಫಾರಂ ಕೋಳಿಯಂತಲ್ಲ ಅದು. ತಿಂಗಳುಗಟ್ಟಲೆ ಹಿತ್ತಲು ಕೆದಕಿ, ಬೇಲಿ ಹಾರಿ ಬೆಳೆದದ್ದು. ಅದರ ಮಾಂಸಖಂಡದ ನಡುವಿನ ಕೊಲಾಜೆನ್ ಎಂಬ ನಾರು ಗಟ್ಟಿ. ಅದು ಕರಗಿ ಜೆಲಾಟಿನ್ ಆಗಿ ಮೆತ್ತಗಾಗಬೇಕಾದರೆ ತೇವದ ಶಾಖದಲ್ಲಿ ಬಹಳ ಹೊತ್ತು ಇರಬೇಕು. ಒಂದು ಗಂಟೆಯ ಓವನ್ನು ಅದಕ್ಕೆ ಯಾತರ ಲೆಕ್ಕ?

ಎರಡನೆಯ ಭಾನುವಾರ ಅಮೆರಿಕವನ್ನು ಬಿಟ್ಟೆ. ಹಾಲು, ಮೈದಾ, ಚೀಸು ಯಾವುದೂ ಬೇಡ. ಈಗ ನಮ್ಮ ಮನೆಯಲ್ಲಿ ನಿಂತಿರುವ ಕ್ರಮ ಇದು. ಐದು ಜನಕ್ಕೆ ಸಾಕು.

ಚರ್ಮ ಸುಲಿದ ಕೋಳಿ ಒಂದು ಕೆಜಿ. ಕಾಲು, ತೊಡೆಯ ತುಂಡುಗಳೇ ಹೆಚ್ಚಿರಲಿ. ಎದೆಯ ಮಾಂಸ ಇಷ್ಟು ಹೊತ್ತಿನಲ್ಲಿ ಒಣಗಿ ಹತ್ತಿಯಾಗುತ್ತದೆ. ಒಂದು ಬಟ್ಟಲು ಮೊಸರು, ಶುಂಠಿ ಬೆಳ್ಳುಳ್ಳಿ ಅರೆದದ್ದು, ಅರಿಶಿನ, ಖಾರದ ಪುಡಿ, ಧನಿಯಾ ಪುಡಿ, ಸ್ವಲ್ಪ ಗರಂ ಮಸಾಲೆ, ಉಪ್ಪು ಕಲಸಿ ಒಂದು ಗಂಟೆ ಬಿಡಿ. ಒಂದೂವರೆ ಲೋಟ ಅಕ್ಕಿ ತೊಳೆದು ಅರ್ಧ ಗಂಟೆ ನೆನೆಸಿ ಬಸಿಯಿರಿ. ಅಗಲವಾದ ಪಾತ್ರೆಗೆ ಎಣ್ಣೆ ಸವರಿ, ತಳಕ್ಕೆ ಎರಡು ದಪ್ಪ ಈರುಳ್ಳಿ ಬಿಲ್ಲೆ ಮಾಡಿ ಹಾಸಿ. ಅದರ ಮೇಲೆ ಅಕ್ಕಿ. ಅಕ್ಕಿಯ ಮೇಲೆ ಪುದೀನ, ಕೊತ್ತಂಬರಿ, ಸೀಳಿದ ಹಸಿಮೆಣಸಿನಕಾಯಿ, ಹೆಚ್ಚಿದ ಒಂದು ಟೊಮೆಟೊ. ಎಲ್ಲಕ್ಕಿಂತ ಮೇಲೆ ಕೋಳಿ. ಅದೇ ಲೋಟದಲ್ಲಿ ಎರಡೂವರೆ ಲೋಟ ನೀರು ಉಪ್ಪು ಹಾಕಿ, ಕುದಿಯುತ್ತಿರುವಾಗಲೇ ಪಕ್ಕದಿಂದ ಸುರಿಯಬೇಕು. ಈ ಕುದಿಯುವ ನೀರಿನಲ್ಲೇ ಎಲ್ಲ ಇದೆ. ಅಲ್ಯೂಮಿನಿಯಂ ಹಾಳೆಯನ್ನು ಬಾಯಿಗೆ ಬಿಗಿಯಾಗಿ ಮುಚ್ಚಿ. ಹೊಳೆಯುವ ಬದಿ ಒಳಗೋ ಹೊರಗೋ ಎಂದು ಮಗ ಕೇಳಿದ. ಯಾವುದಾದರೂ ಆದೀತು, ಗೊತ್ತಾಗುವಂಥ ವ್ಯತ್ಯಾಸವಿಲ್ಲ.

ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ, ಮೇಲಿನ ಕಂಬಿ ಕೆಳಗಿನ ಕಂಬಿ ಎರಡೂ ಉರಿಯುವಂತೆ, 180 ಡಿಗ್ರಿಯಲ್ಲಿ ಐವತ್ತು ನಿಮಿಷ. ಆಮೇಲೆ ಹಾಳೆ ತೆಗೆದು 200ಕ್ಕೆ ಏರಿಸಿ ಹದಿನೈದು ನಿಮಿಷ. ಹಾಳೆ ತೆಗೆಯುವಾಗ ಮುಖ ದೂರ ಇರಲಿ, ಹಬೆ ನುಗ್ಗಿ ಬರುತ್ತದೆ. ಈ ಕೊನೆಯ ಹದಿನೈದು ನಿಮಿಷ ಬಿಡಬೇಡಿ. ನೀರಿನಲ್ಲಿ ಬೇಯುವ ಕೋಳಿ 100 ಡಿಗ್ರಿ ದಾಟುವುದಿಲ್ಲ, ಆದ್ದರಿಂದ ಸಾರಿನ ಕೋಳಿ ಎಂದಿಗೂ ಕೆಂಪಗಾಗುವುದಿಲ್ಲ. ಮೇಲ್ಮೈಯ ನೀರು ಆರಿ, ಬಿಸಿ 140ರ ಆಸುಪಾಸು ಮುಟ್ಟಿದಾಗ ಸಕ್ಕರೆಗಳೂ ಪ್ರೋಟೀನಿನ ಅಮೈನೋ ಆಮ್ಲಗಳೂ ಬೇಗ ಬೇಗ ಕೂಡಿ, ಆ ಹೊಂಬಣ್ಣ, ಆ ಪರಿಮಳ ಹುಟ್ಟುತ್ತವೆ. ರೊಟ್ಟಿಯ ಮೇಲಿನ ಕಂದು ಚುಕ್ಕೆ, ಹುರಿದ ಕಾಫಿಬೀಜದ ಘಮಲು ಎಲ್ಲ ಇದೇ ಬಳಗ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ಹೆಸರನ್ನೇ ಈ ಕ್ರಿಯೆಗೆ ಇಟ್ಟಿದ್ದಾರೆ. ಅವರೂ ಮೇಷ್ಟರ ಜಾತಿಯವರೇ, ಪಾಠ ಹೇಳುತ್ತಿದ್ದವರು.

ಬೆಂದಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಶಾಲೆಯ ಥರ್ಮಾಮೀಟರ್ ತರೋಣವೇ ಎಂದು ಮಗ ಕೇಳಿದ. ಕೂಡದು ಎಂದೆ. ಅದರಲ್ಲಿರುವುದು ಪಾದರಸ, ಒಡೆದರೆ ಊಟವೆಲ್ಲ ವಿಷ. ಅಡುಗೆಗೆಂದೇ ಸಿಗುವ, ಸೂಜಿಯಂತೆ ಚುಚ್ಚಿ ನೋಡುವ ಥರ್ಮಾಮೀಟರ್ ತರಿಸಿದೆ. ತೊಡೆಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ದಾಟಿದರೆ ಭಯವಿಲ್ಲ. ನಮ್ಮದು 88 ತೋರಿಸಿತು. ಕಾಲಿನ ಮಾಂಸಕ್ಕೆ ಅಷ್ಟು ಇದ್ದರೇ ರುಚಿ. ಇನ್ನು ಕರೆಂಟಿನ ಲೆಕ್ಕ: ಓವನ್ನಿನ ಮೇಲೆ 1500 ವಾಟ್ ಎಂದು ಬರೆದಿದೆಯೆಂದು ಗಾಬರಿಯಾಗಬೇಡಿ. ಬೇಕಾದ ಶಾಖ ಬಂದೊಡನೆ ಕಂಬಿ ತಾನಾಗಿ ಆರುತ್ತದೆ, ಇಳಿದಾಗ ಹೊತ್ತಿಕೊಳ್ಳುತ್ತದೆ. ಮೀಟರು ನೋಡಿದೆ, ಕಾಯಿಸಿದ್ದೂ ಸೇರಿ ಒಂದು ಯೂನಿಟ್ಟಿಗೆ ಸ್ವಲ್ಪ ಮೇಲೆ.

ಆ ಭಾನುವಾರ ನಲವತ್ತನೇ ನಿಮಿಷಕ್ಕೆ ಕರೆಂಟು ಹೋಯಿತು. ಮಗ ಬಾಗಿಲು ತೆಗೆಯಲು ಹೋದ. “ಮುಟ್ಟಬೇಡ!” ಎಂದು ತರಗತಿಯ ದನಿಯಲ್ಲಿ ಕೂಗಿದೆ. ಒಳಗಿನ ಗಾಳಿಯಲ್ಲಿ ಶಾಖ ಕಡಿಮೆ. ಆದರೆ ಪಾತ್ರೆ, ನೀರು, ಅನ್ನದಲ್ಲಿ ಸೇರಿಕೊಂಡ ಶಾಖ ಅಷ್ಟು ಬೇಗ ಹೋಗುವುದಿಲ್ಲ. ಮುಚ್ಚಿದ್ದರೆ ತನ್ನಷ್ಟಕ್ಕೆ ತಾನು ಬೇಯುತ್ತಿರುತ್ತದೆ. ಕತ್ತಲಲ್ಲಿ ನಾಲ್ವರೂ ಪಡಸಾಲೆಯಲ್ಲಿ ಕೂತೆವು. ಯಾರಿಗೂ ಕೆಲಸವಿಲ್ಲ. ಆಗ ಅವ್ವ ಇದ್ದಕ್ಕಿದ್ದಂತೆ, “ಇದೇನು ಹೊಸದಲ್ಲ ಬುಡು” ಎಂದಳು. ಅವಳು ಹುಡುಗಿಯಾಗಿದ್ದಾಗ ಯಾರದೋ ಮದುವೆಯ ಬೀಗರೂಟಕ್ಕೆ ಶ್ರೀರಂಗಪಟ್ಟಣದ ಕಡೆಯಿಂದ ಬಿರಿಯಾನಿ ಮಾಡುವವರು ಬಂದಿದ್ದರಂತೆ. ದೊಡ್ಡ ಹಂಡೆಯ ಬಾಯಿಗೆ ಹಿಟ್ಟು ಮೆತ್ತಿ ಮುಚ್ಚಳ ಹಾಕಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. “ಆಮೇಕೆ ಬೀಡಿ ಹಚ್ಚಿಕೊಂಡು ಮರದ ಕೆಳಗೆ ಕೂತಿದ್ರು ಕಣಪ್ಪ. ಅಡುಗೆಯೋರು ಅಷ್ಟೊತ್ತು ಕೂತಿದ್ದ ಅವತ್ತೇ ನಾನು ನೋಡಿದ್ದು.” ಓವನ್ನಿನ ಮೇಲಿನ ಕಂಬಿ, ಕೆಳಗಿನ ಕಂಬಿ ಎಂದು ನಾನು ಅಷ್ಟೆಲ್ಲ ವಿವರಿಸಿದ್ದನ್ನು ಅವ್ವ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹದಿನಾಲ್ಕು ಜನಕ್ಕೆ ಬಡಿಸಿ ಆದಮೇಲೆ ತಾನು ಉಣ್ಣುತ್ತಿದ್ದುದನ್ನು ಹೇಳಿದಳು. ಕೆಲವು ದಿನ ಹಿಟ್ಟೇ ಉಳಿಯುತ್ತಿರಲಿಲ್ಲವಂತೆ. ದೂರುವ ದನಿಯೇನಲ್ಲ, ಮಳೆ ಬಂದಿತ್ತು, ಬಿಸಿಲಿತ್ತು ಎಂದು ಹೇಳುವ ಹಾಗೆ. ಆ ಹದಿನಾಲ್ಕರಲ್ಲಿ ನಾನೂ ಒಬ್ಬ.

ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂತು. ಉಳಿದದ್ದನ್ನು ಮುಗಿಸಿ ಪಾತ್ರೆ ತೆಗೆದೆವು. ಊಟದ ಮೇಜಿನ ಮೇಲೆ ಇಸ್ತ್ರಿಯ ಬಟ್ಟೆ, ಮಗನ ಪುಸ್ತಕ, ಹಳೆಯ ಪೇಪರು. ಅದರ ಮೇಲೆ ಊಟ ನಡೆದು ಎಷ್ಟು ಕಾಲವಾಯಿತೋ. ನೆಲದ ಮೇಲೆಯೇ ಮಣೆ ಇಟ್ಟು ಪಾತ್ರೆ ಇಳಿಸಿದೆ. ಸುತ್ತ ಕೂತೆವು. ಒಂದು ಸೌಟು, ನಾಲ್ಕು ತಟ್ಟೆ, ಒಂದು ಬಟ್ಟಲು ಮೊಸರು ಬಜ್ಜಿ. ಬೇಕಾದವರು ಬೇಕಾದಷ್ಟು ಹಾಕಿಕೊಂಡರು. ಫಾರಂ ಕೋಳಿಯೆಂದು ಅವ್ವನಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ, ಎರಡು ಸಲ ಹಾಕಿಸಿಕೊಂಡಳು. ಹೆಂಡತಿ ಎಡಗೈಯಲ್ಲಿ ಚಮಚ ಹಿಡಿದು ನಿಧಾನವಾಗಿ ಉಂಡಳು. ಆಕೆ ಮೊದಲು ಅನ್ನವನ್ನೆಲ್ಲ ಮುಗಿಸಿ, ಕೋಳಿಯ ತುಂಡನ್ನು ಕೊನೆಗೆ ಉಳಿಸಿಕೊಳ್ಳುತ್ತಾಳೆ. ಮಗನೂ ಹಾಗೇ ಮಾಡುತ್ತಾನೆ. ಅವನಿಗೆ ಅದು ಎಲ್ಲಿಂದ ಬಂತೆಂದು ನನಗೆ ಗೊತ್ತೇ ಇರಲಿಲ್ಲ.

ನಾಟಿ ಕೋಳಿಗೂ ಆಮೇಲೆ ದಾರಿ ಸಿಕ್ಕಿತು. ಮಸಾಲೆ ಕಲಸಿ ಮೊದಲು ಕುಕ್ಕರಿನಲ್ಲಿ ಐದು ಸೀಟಿ ಕೂಗಿಸಿ, ಅದು ಬಿಟ್ಟ ರಸವನ್ನೇ ಅಳೆದು, ಕುದಿಸಿ, ನೀರಿನ ಬದಲು ಅಕ್ಕಿಗೆ ಸುರಿದರಾಯಿತು. ಕುಕ್ಕರಿನೊಳಗೆ ಒತ್ತಡದಿಂದ ಬಿಸಿ 120ರ ಹತ್ತಿರ ಹೋಗುವುದರಿಂದ ಆ ನಾರು ಬೇಗ ಮೆತ್ತಗಾಗುತ್ತದೆ. ರುಚಿಯ ಮಾತು ಕೇಳಿದರೆ, ಅದೇ ಮೇಲು. ಅವ್ವನ ಮಾತನ್ನು ಮೊದಲೇ ಕೇಳಬೇಕಿತ್ತು, ಹಾಲನ್ನು ಬಿಟ್ಟು.

ಆರು ವಾರ ಕಳೆದು ಪ್ಲಾಸ್ಟರ್ ತೆಗೆದರು. ಕೈ ಸೊರಗಿ ಬಿಳಿಚಿಕೊಂಡಿತ್ತು. ನಿಜ ಹೇಳಬೇಕೆಂದರೆ, ವಾರದ ಉಳಿದ ದಿನಗಳ ಅಡುಗೆ ಮೆಲ್ಲಗೆ ಮತ್ತೆ ಆಕೆಯ ಕಡೆಗೇ ಸರಿಯಿತು. ಪರೀಕ್ಷೆ, ಮೌಲ್ಯಮಾಪನ, ಶಾಲೆಯ ಕೆಲಸ ಎಂದು ನನ್ನ ಹತ್ತಿರ ಕಾರಣಗಳಿಗೆ ಕೊರತೆಯಿಲ್ಲ. ಮುದ್ದೆ ತಿರುವುವುದನ್ನು ಮಾತ್ರ ಬಿಟ್ಟಿಲ್ಲ. ಆ ಮಣಿಕಟ್ಟು ಇನ್ನೂ ಕೋಲಿನ ಭಾರ ತಡೆಯುವುದಿಲ್ಲ. ವಾರ್ತೆಗಿಂತ ಮೊದಲು ಆಕೆ ಉಣ್ಣಲಿ ಎಂದು ಎರಡು ದಿನ ಕಾದು ಕೂತೆ. ಮೂರನೆಯ ದಿನ, “ಹೀಗೆ ನೋಡ್ತಾ ಕೂತರೆ ನನಗೆ ಇಳಿಯಲ್ಲ, ಹೋಗ್ರೀ” ಎಂದು ಎಬ್ಬಿಸಿದಳು.

ಭಾನುವಾರ ರಾತ್ರಿ ಮಾತ್ರ ನನ್ನದು. ಪ್ಲಾಸ್ಟರ್ ತೆಗೆದ ನಂತರದ ಮೊದಲ ಭಾನುವಾರ ಮಗಳೂ ಬಂದಿದ್ದಳು. ಐದೂ ಜನ ಮಣೆಯ ಸುತ್ತ ಕೂತೆವು. ಎರಡು ತುತ್ತು ಉಂಡಿದ್ದಳೋ ಇಲ್ಲವೋ, ಹೆಂಡತಿ ಎದ್ದಳು. ನೀರು ತರಲಂತೆ. ನೀರು ಪಕ್ಕದಲ್ಲೇ ಇತ್ತು. ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಳು, ಉಪ್ಪಿನಕಾಯಿ. ಮಗಳು ಸೆರಗು ಹಿಡಿದು ಎಳೆದು ಕೂರಿಸಿದಳು. “ಕೂತೇ ಇದ್ದರೆ ಯಾರದೋ ಮನೆಗೆ ಊಟಕ್ಕೆ ಬಂದ ಹಾಗಾಗುತ್ತೆ ಕಣೇ” ಎಂದಳು ಹೆಂಡತಿ. ನಗುತ್ತಲೇ ಅಂದಳು. ಮಗಳು ನಗಲಿಲ್ಲ.

ಆಮೇಲೆ ಬಲಗೈಯಲ್ಲೇ, ಬೆರಳು ಇನ್ನೂ ಪೂರ್ತಿ ಮಡಿಸಲು ಬಾರದೆ, ತುತ್ತು ಮಾಡಿ ಉಂಡಳು. ಪಾತ್ರೆಯ ಅಂಚಿಗೆ ಕಂದಾಗಿ ಹಿಡಿದುಕೊಂಡಿದ್ದ ಅನ್ನವನ್ನು ಸೌಟಿನಿಂದ ಕೆರೆದುಕೊಂಡಳು. ಅದನ್ನು ನೋಡಿ ಅವ್ವ, “ನಂಗೂ ಒಂಚೂರು ಹಾಕವ್ವ” ಎಂದು ತಟ್ಟೆ ಚಾಚಿದಳು. ಸೀದದ್ದನ್ನು ಇಬ್ಬರೂ ಹಂಚಿಕೊಂಡು ತಿಂದರು. “ಉಪ್ಪು ಒಂದು ಚೂರು ಕಡಿಮೆ” ಎಂದಳು ಹೆಂಡತಿ. ಹೌದು, ಕಡಿಮೆಯಿತ್ತು. ಕೋಳಿಗೆ ಹಾಕಿ ಕುದಿಯುವ ನೀರಿಗೆ ಹಾಕುವುದು ಮರೆತಿದ್ದೆ.

ಪಾತ್ರೆ ತೊಳೆಯುವುದೂ ನನ್ನ ಪಾಲು ಎಂದು ಮಗಳು ತೀರ್ಪು ಕೊಟ್ಟಿದ್ದಳು. ಒಪ್ಪಿದ್ದೆ. ಆದರೆ ಅಂಚಿಗೆ ಅಂಟಿದ್ದು ಗಟ್ಟಿಯಾಗಿತ್ತು. ಬಿಸಿನೀರು ತುಂಬಿ ಸಿಂಕಿನಲ್ಲಿಟ್ಟು, ರಾತ್ರಿಯೆಲ್ಲ ನೆನೆಯಲಿ, ಬೆಳಿಗ್ಗೆ ತೊಳೆದರಾಯಿತು ಎಂದು ಮಲಗಿದೆ. ಸೋಮವಾರ ಆರು ಗಂಟೆಗೆ ಎದ್ದು ಅಡುಗೆಮನೆಗೆ ಹೋದೆ. ಪಾತ್ರೆ ಬೆಳ್ಳಗೆ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿತ್ತು. ಹೆಂಡತಿ ಒಲೆಯ ಮುಂದೆ ನಿಂತು ಕಾಫಿಗೆ ಹಾಲು ಕಾಯಿಸುತ್ತಿದ್ದಳು.